ಹೊಸ್ತಿಲೊಳಗಿನ ಆವರಿಕೆ

ನಮ್ಮ ದೊಡ್ಡತ್ತೆಯ ಅಂಗಾಲು ತೊಟ್ಟಿಲ ಕೂಸಿನ ಅಂಗಾಲಿನಷ್ಟು ಮೆತ್ತಗಿತ್ತು. ನಮ್ಮ ಸೀಮೆಯ ಹೆಂಗಸರ ಹಿಮ್ಮಡಿ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಬೇಸಿಗೆಯ ಎರೆಹೊಲದ ಹಾಗೆ ಬಿರಿದು, ಸೀರೆಯ ಅಂಚು ಅದರಲ್ಲಿ ಸಿಕ್ಕಿ ದಾರ ಕೀಳುತ್ತಿರುತ್ತದೆ. ದೊಡ್ಡತ್ತೆಗೆ ಆಗ ಐವತ್ತು ಹತ್ತಿರವಾಗಿತ್ತು, ಹಿಮ್ಮಡಿಯಲ್ಲಿ ಒಂದು ಗೆರೆಯೂ ಇರಲಿಲ್ಲ. ಮದುವೆಯಾಗಿ ಸಿಂದಗಿಯ ಆ ಮನೆಗೆ ಬಂದ ದಿನ, ಹಿರಿಯರ ಕಾಲಿಗೆಲ್ಲ ಬಿದ್ದು ಬಿದ್ದು ಸೊಂಟ ಹಿಡಿದುಕೊಂಡಿದ್ದ ನಾನು ಆ ಎರಡು ಪಾದ ಮುಟ್ಟಿ ಬೆಚ್ಚಿದೆ. ಪಕ್ಕದಲ್ಲಿ ನಿಂತಿದ್ದ ಓಣಿಯ ಹೆಂಗಸೊಬ್ಬಳು ತನ್ನದೇ ಸಾಧನೆ ಎಂಬಂತೆ ಹೇಳಿದಳು: "ಹತ್ತೊಂಬತ್ತು ವರ್ಷ ಆತವಾ, ಹೊಸ್ತಿಲ ದಾಟಿಲ್ಲ. ಕಣ್ಣಿಗಿ ಹಚ್ಚಿಗೋ." ನಾನು ಬಗ್ಗಿ ಆ ಪಾದಗಳನ್ನು ಕಣ್ಣಿಗೆ ಹಚ್ಚಿಕೊಂಡೆ. ಈಗ ನೆನಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದೊಡ್ಡತ್ತೆ ಎಂದರೆ ನನ್ನ ಮಾವನ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ. ಮಾವ ಇನ್ನೂ ಚಡ್ಡಿ ಹಾಕಿಕೊಂಡು ಗೋಲಿ ಆಡುವ ವಯಸ್ಸಿನಲ್ಲಿ ಈಕೆ ಆ ಮನೆಗೆ ಸೊಸೆಯಾಗಿ ಬಂದವರು. ಅವನಿಗೆ ತಲೆ ಬಾಚಿ, ರೊಟ್ಟಿ ಕಟ್ಟಿ ಸಾಲೆಗೆ ಕಳಿಸಿದವರು. ಅದಕ್ಕೇ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದ ಆ ಮನುಷ್ಯನನ್ನು ಅವರೊಬ್ಬರೇ 'ತಮ್ಮಾ' ಎಂದು ಏಕವಚನದಲ್ಲಿ ಕರೆಯುತ್ತಿದ್ದರು. ಅವರಿಗೆ ಆ ಮನೆಯಲ್ಲಿದ್ದ ಸ್ವಾತಂತ್ರ್ಯ ಅದೊಂದೇ.

ಅವರು ಒಳಗೇ ಉಳಿದ ಕತೆಯನ್ನು ನನಗೆ ಹೇಳಿದ್ದು ನಮ್ಮತ್ತೆ, ಜೋಳ ಹಸನು ಮಾಡುತ್ತ. ದೊಡ್ಡತ್ತೆಯ ತಮ್ಮನ ಮದುವೆ ಮುದ್ದೇಬಿಹಾಳದ ಕಡೆ ಅವರ ತವರಿನಲ್ಲಿ ಆಯಿತಂತೆ. ಉಡುಗೊರೆ ಕೊಡುವಾಗ ಉಳಿದ ಬೀಗರಿಗೆಲ್ಲ ರುಮಾಲು ಸುತ್ತಿದರು, ದೊಡ್ಡತ್ತೆಯ ಗಂಡ ದೊಡ್ಡ ಮಾವನಿಗೆ ಗಡಿಬಿಡಿಯಲ್ಲಿ ಬರೀ ಟವೆಲ್ಲು ಹೊದಿಸಿದರು. ರುಮಾಲು ಸುತ್ತಬೇಕಾದ ತಲೆಗೆ ಟವೆಲ್ಲು ಬಂದರೆ ನಮ್ಮ ಕಡೆ ಗಂಡಸರು ಹನ್ನೆರಡು ವರ್ಷ ಮಾತು ಬಿಡುತ್ತಾರೆ. ಮುಂದೆ ಪಂಚಮಿಗೆ ಆ ತಮ್ಮ ಗಾಡಿ ಕಟ್ಟಿಕೊಂಡು ಅಕ್ಕನನ್ನು ಕರೆಯಲು ಬಂದ. ದೊಡ್ಡ ಮಾವ ಬಾಗಿಲಲ್ಲಿ ಕೈ ಅಡ್ಡ ಹಿಡಿದು, "ಈ ಹೊಸ್ತಿಲ ದಾಟಿದಿ ಅಂದ್ರ ನನ್ನ ಆಣಿ ಐತಿ ನಿನಗ" ಎಂದುಬಿಟ್ಟರು. ಗಾಡಿ ಖಾಲಿ ಹೋಯಿತು.

ಆಣೆಗೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಹಾಕಿದವರೇ ಅದನ್ನು ಬಿಡಿಸಬೇಕು. ಸಿಟ್ಟಿಳಿದ ಮೇಲೆ ಹಾಕಿದವರು "ಬಿಟ್ಟೀನಿ ಹೋಗ" ಎಂದು ಒಂದು ಮಾತು ಅಂದರೆ ಸಾಕು, ಮುಗಿಯಿತು. ದೊಡ್ಡ ಮಾವನ ಸಿಟ್ಟೂ ಇಳಿಯುತ್ತಿತ್ತು ಎಂದೇ ಎಲ್ಲರೂ ಹೇಳುತ್ತಾರೆ. ಆದರೆ ನಾಲ್ಕನೆಯ ದಿನ ಹೊಲದಲ್ಲಿ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ. ಆಣೆ ಬಿಡಿಸುವ ಬಾಯಿಯೇ ಇಲ್ಲದೆ ಹೋಯಿತು. ಸತ್ತವರ ಆಣೆ ಮುರಿದರೆ ಅದು ಮನೆತನಕ್ಕೆ ತಟ್ಟುತ್ತದೆ ಎಂದು ಊರ ಹಿರಿಯರು ಹೇಳಿದರು. ದೊಡ್ಡತ್ತೆ ಇದರ ಬಗ್ಗೆ ನನ್ನ ಹತ್ತಿರ ಆಡಿದ್ದು ಒಂದೇ ಮಾತು: "ಅವ್ರ ಹೆಣ ಹೊಸ್ತಿಲ ದಾಟಿ ಹೋತು. ನಾ ಒಳಗ ನಿಂತ ನೋಡಿದ್ನಿ."

ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಸುತ್ತ ಎರಡಾಳು ಎತ್ತರದ ಮಣ್ಣಿನ ಗೋಡೆ, ಬಾವಿಯೂ ಬಚ್ಚಲೂ ಗೋಡೆಯ ಒಳಗೇ. ಹೊರಗೆ ಹೋಗಬೇಕಾದ ಕಾರಣವೇ ಹುಟ್ಟದ ಹಾಗೆ ಹಿಂದಿನವರು ಕಟ್ಟಿಸಿದ್ದರು. ಅಡುಗೆಮನೆಯಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ರೂಪಾಯಿಯಷ್ಟು ಗುಂಡನೆಯ ಬಿಸಿಲು ಬೀಳುತ್ತಿತ್ತು. ಅದು ಒಲೆಯ ಹತ್ತಿರ ಬಂದರೆ ರೊಟ್ಟಿ ಬಡಿಯಬೇಕು, ಬೀಸುವ ಕಲ್ಲಿನ ಹತ್ತಿರ ಬಂದರೆ ಎಮ್ಮೆಗೆ ನೀರಿಡಬೇಕು. ಮದುವೆಗೆ ಮೊದಲು ವಿಜಾಪುರದಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ತವರೂರು ತಾಳಿಕೋಟೆಗೆ ಓಡಾಡಿದ್ದ ನಾನು, ಆ ಬಿಸಿಲಿನ ಬಿಲ್ಲೆ ನೆಲದ ಮೇಲೆ ಸರಿಯುವುದನ್ನು ನೋಡುತ್ತ ದಿನ ಕಳೆಯತೊಡಗಿದೆ. ಮನೆಯ ಸೊಸೆ ಓಣಿ ದಾಟಿ ಓಡಾಡುವುದು ಮಾವನಿಗೆ ಸೇರುತ್ತಿರಲಿಲ್ಲ. ಹಾಗೆಂದು ಅವರು ಕೆಟ್ಟವರಲ್ಲ. ಹೊತ್ತಿಗೆ ಸರಿಯಾಗಿ ಊಟ, ಹಬ್ಬಕ್ಕೆ ಇಳಕಲ್ ಸೀರೆ, ಜ್ವರ ಬಂದರೆ ಡಾಕ್ಟರು ಮನೆಗೇ. ಬೇಡವೆಂದರೂ ತಟ್ಟೆಗೆ ತುಪ್ಪ ಬೀಳುತ್ತಿತ್ತು. ಇಂಥ ಮನೆಯಿಂದ ಓಡಿಹೋಗುತ್ತೇನೆ ಎಂದರೆ ತವರಿನವರೇ ನನ್ನ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಇನ್ನು ನಮ್ಮವರು, ಅಂದರೆ ನನ್ನ ಗಂಡ, ಒಳ್ಳೆಯವರು. ಆದರೆ ಅವರ ಒಳ್ಳೆಯತನ ಅಪ್ಪನ ಎದುರು ಬಾಯಿ ಬಿಡುತ್ತಿರಲಿಲ್ಲ.

ಹಿತ್ತಲಿನ ಮೂಲೆಯಲ್ಲಿ ದೊಡ್ಡತ್ತೆಯ ಆವರಿಕೆ ಗಿಡಗಳಿದ್ದವು. ಆವರಿಕೆ ಎಂದರೆ ಯಾರೂ ನೆಡದೆ ಮಡ್ಡಿಯ ಬರಡು ಕಲ್ಲುನೆಲದ ಮೇಲೆ, ರಸ್ತೆ ಬದಿಯ ಗರಸಿನ ಒರಟು ಹರಳುಮಣ್ಣಿನಲ್ಲಿ ತಾನೇ ಬೆಳೆಯುವ ಗಿಡ. ಸೊಂಟದೆತ್ತರ, ಆಡು ಬಾಯಿ ಹಾಕುವುದಿಲ್ಲ, ಬಿಸಿಲಿಗೆ ಅಂಜುವುದಿಲ್ಲ, ಹೂವು ಮಾತ್ರ ಅರಿಸಿನ ಚೆಲ್ಲಿದಂತೆ. ವರ್ಷಕ್ಕೊಮ್ಮೆ ದೀಪಾವಳಿಯ ಪಾಡ್ಯಕ್ಕೆ ಅದು ಎಲ್ಲರಿಗೂ ಬೇಕು. ಅಂದು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಆವರಿಕೆ ಹೂವಿನ ಟೊಂಗೆ, ಉತ್ತರಾಣಿ ಕಡ್ಡಿ ಸಿಕ್ಕಿಸಿ ಹೊಸ್ತಿಲ ಒಳಗೂ ಹೊರಗೂ ಇಡುತ್ತೇವೆ. ಹಬ್ಬ ಮುಗಿದ ಮೇಲೆ ಒಣಗಿದ ಪಾಂಡವರನ್ನು ಮಾಳಿಗೆಯ ಮೇಲೆ ಎಸೆಯುವುದು ರೂಢಿ. ಆ ಟೊಂಗೆಯಲ್ಲಿ ಹೂವಿನ ಜೊತೆಗೇ ಒಣಕಾಯಿಯೂ ಇರುತ್ತದಲ್ಲ, ನಾನು ಬರುವುದಕ್ಕೆ ಬಹಳ ಮೊದಲು ಒಂದು ಮಳೆಗಾಲ ಅಂಥ ಕಾಯಿ ಒಡೆದು ಮಾಳಿಗೆಯ ಮಣ್ಣಿನಲ್ಲೇ ಗಿಡ ಎದ್ದಿತ್ತಂತೆ. ಬೇರು ಇಳಿದರೆ ಮಾಳಿಗೆ ಸೋರುತ್ತದೆ, ಕಿತ್ತು ಹಾಕಿ ಎಂದರು ಮಾವ. ಕಾಯಿ ಬಲಿಯುವ ತನಕ ಬಿಡು ಎಂದು ದೊಡ್ಡತ್ತೆ ಕೇಳಿಕೊಂಡರು. ಬೀಜ ತೆಗೆದುಕೊಂಡ ಮೇಲೆ ತಾವೇ ಹತ್ತಿ ಅದನ್ನು ಕಿತ್ತರು.

ಆ ಬೀಜ ಹಿತ್ತಲಿನ ಕರಿಮಣ್ಣಿನಲ್ಲಿ ಎರಡು ವರ್ಷ ಏಳಲಿಲ್ಲ. ಮೂರನೆಯ ವರ್ಷ ಹಿಂದಿನ ಗೋಡೆಯ ಒಂದು ಮೂಲೆ ಮಳೆಗೆ ಕುಸಿಯಿತು. ಹೊಸ ಗೋಡೆ ಕಟ್ಟಿದ ಮೇಲೆ ಉಳಿದ ಕಲ್ಲು, ಗಚ್ಚು, ಗರಸು ಅಲ್ಲೇ ಗುಡ್ಡೆಯಾಗಿ ಬಿತ್ತು. ಹೊರಗೆ ಸಾಗಿಸುತ್ತೇವೆಂದ ಆಳುಗಳನ್ನು ತಡೆದು ದೊಡ್ಡತ್ತೆ ಅದನ್ನು ಹರಡಿಸಿದರು, ಅದರಲ್ಲಿ ಬೀಜ ಊರಿದರು. ಎದ್ದವು. "ಅಡವಿ ಗಿಡ ಮನ್ಯಾಗ ಹಚ್ಚಿದ್ರ ಮನಿ ಅಡವಿ ಆಗತೈತ್ರಿ ಅಕ್ಕಾ" ಎಂದು ನಮ್ಮತ್ತೆ ಗೊಣಗಿದಾಗ ಅವರು ಕೊಟ್ಟ ಉತ್ತರವನ್ನು ನಮ್ಮತ್ತೆಯೇ ನನಗೆ ಹೇಳಿ ನಕ್ಕಿದ್ದರು: "ನಾ ಅಂತೂ ಅಡವಿಗಿ ಹೋಗೂಹಂಗಿಲ್ಲ. ಅಡವಿನೇ ಇಲ್ಲಿಗಿ ಬರ್ಲಿ ಬಿಡು." ನಮ್ಮತ್ತೆಗೆ ಅದು ತಮಾಷೆ ಎನಿಸಿತ್ತು, ಕೇಳಿದಾಗ ನಾನೂ ನಕ್ಕೆ.

ನಾನು ಬಂದ ವರ್ಷ ಅಲ್ಲಿ ಮೂರು ದೊಡ್ಡ ಗಿಡ, ಅವುಗಳ ಮುಂದೆ ಗೇಣುದ್ದದ ಹನ್ನೊಂದು ಸಸಿಯ ಹೊಸ ಸಾಲು. ದೊಡ್ಡತ್ತೆ ಚಳಿಜ್ವರ ಬಂದು ಹದಿನೈದು ದಿನ ಮಲಗಿದ್ದರು. ನಾನು ಹೊಸ ಸೊಸೆ, ಒಳ್ಳೆಯವಳು ಅನ್ನಿಸಿಕೊಳ್ಳುವ ಹುರುಪು. ಬಚ್ಚಲ ನೀರನ್ನು ಕೊಡಗಟ್ಟಲೆ ಹೊತ್ತು ಬೆಳಿಗ್ಗೆ ಸಂಜೆ ಆ ಸಸಿಗಳಿಗೆ ಹಾಕಿದೆ. ಎರಡು ಸಸಿ ಒತ್ತೊತ್ತಾಗಿವೆ ಎಂದು ಒಂದನ್ನು ಕಿತ್ತು ದೂರವೂ ನೆಟ್ಟೆ. ಅವರು ಎದ್ದು ಬರುವ ಹೊತ್ತಿಗೆ ಎಲೆಗಳೆಲ್ಲ ಹಳದಿ, ಬುಡ ಕೊಳೆತು ಮೆತ್ತಗಾಗಿತ್ತು. ಹನ್ನೊಂದರಲ್ಲಿ ಒಂದೂ ಉಳಿಯಲಿಲ್ಲ. ನಾನು ಅಳುತ್ತ ನಿಂತೆ.

ಅವರು ಬೈಯಲಿಲ್ಲ. ಸತ್ತ ಸಸಿಯೊಂದನ್ನು ಎಳೆದು ಬೇರು ತೋರಿಸಿದರು. "ಹಸಿವಿಲೆ ಸತ್ತದ್ದಲ್ಲವಾ ಇದು, ಉಂಡು ಸತ್ತೈತಿ. ಇದರ ಬೇರ ನೀರ ಹುಡುಕ್ಕೋತ ಕೆಳಗ ಹೋಗಬೇಕು. ನೀ ಮ್ಯಾಲೇ ಕೊಟ್ಟಿ ಅಂದ್ರ ಅದು ಯಾಕ ಹೋದೀತು?" ಸಸಿಯನ್ನು ಕೆಳಗೆ ಹಾಕಿ, ಮಾವನ ಕೋಣೆಯ ಕಡೆ ಗದ್ದ ತೋರಿಸಿ, ದನಿ ಇಳಿಸಿ ಹೇಳಿದರು: "ನಮ್ಮ ತಮ್ಮನೂ ನಿನ್ಹಂಗೇ. ಬಾಳ ಪ್ರೀತಿ ಅವಗ. ನೀರ ಹಾಕಿ ಹಾಕಿ ಕೊಲ್ತಾನ." ಆ ಮನೆಯಲ್ಲಿ ನನಗೆ ಏನಾಗುತ್ತಿದೆ ಎಂದು ಇನ್ನೊಬ್ಬರು ಬಲ್ಲರು ಎಂದು ತಿಳಿದದ್ದು ಅಂದೇ.

ಆಮೇಲೆ ಅವರು ನನಗೆ ಆ ಗಿಡದ ವಿದ್ಯೆಯನ್ನು ಪೂರ್ತಿ ಕಲಿಸಿದರು. ಬೀಜ ಹಟಮಾರಿ, ಸುಮ್ಮನೆ ಊರಿದರೆ ವರ್ಷಗಟ್ಟಲೆ ಬಿದ್ದಿರುತ್ತದೆ. ಕಾಸಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಬೇಕು, ಉಬ್ಬಿದ್ದನ್ನು ಮಾತ್ರ ಊರಬೇಕು. ಊರಿದಲ್ಲೇ ಬಿಡಬೇಕು, ಕಿತ್ತು ನೆಟ್ಟರೆ ನಡುಬೇರು ಹರಿದು ಸಾಯುತ್ತದೆ. ಮೊದಲ ಮಳೆ ತಪ್ಪಿದರೆ ಮಾತ್ರ ವಾರಕ್ಕೊಂದು ತಂಬಿಗೆ ನೀರು. ಹೂವಿನ ಭರ ಮುಗಿದ ಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಬೇಕು, ಇಲ್ಲದಿದ್ದರೆ ಬರೀ ಕಡ್ಡಿಯಾಗಿ ಮೇಲಕ್ಕೆ ಹೋಗುತ್ತದೆ. ಕುಡುಗೋಲು ಹಿಡಿದು ಕತ್ತರಿಸುವಾಗ ಅವರ ಮುಖ ನೋಡಬೇಕಿತ್ತು, ಪೂಜೆಗೆ ಕುಳಿತವರಲ್ಲೂ ಅಷ್ಟು ಶ್ರದ್ಧೆ ನಾನು ಕಂಡಿಲ್ಲ. "ಕಿತ್ತ ಹಚ್ಚಿದ್ರ ಬದುಕೂದು ನಾವು ಹೆಣ್ಮಕ್ಕಳು ಅಷ್ಟ ನೋಡು" ಎಂದು ಒಮ್ಮೆ ಹೇಳಿ, ತಮ್ಮ ಮಾತಿಗೆ ತಾವೇ ಮುಖ ಗಂಟು ಹಾಕಿದರು.

ಮರುವರ್ಷ ದೊಡ್ಡ ಬರ ಬಿತ್ತು. ಹಿತ್ತಲಿನ ಬಾವಿಯಲ್ಲಿ ಕೊಡ ಮುಳುಗದಾಯಿತು. ನಮ್ಮತ್ತೆಯ ದುಂಡುಮಲ್ಲಿಗೆ ಬಳ್ಳಿಗೆ ಅಕ್ಕಿ ತೊಳೆದ ನೀರು, ಕೈ ತೊಳೆದ ನೀರು ಎಲ್ಲ ಹಾಕಿದರೂ ಒಣಗಿತು. ಆವರಿಕೆಗೆ ಯಾರೂ ಏನೂ ಹಾಕಲಿಲ್ಲ, ಅದು ಗರಸಿನ ಗುಡ್ಡೆಯ ಮೇಲೆ ಹೂಬಿಟ್ಟು ನಿಂತಿತ್ತು. ಓಣಿಯಲ್ಲಿ ಬೇರೆ ಹೂವೇ ಇರಲಿಲ್ಲವಾದ್ದರಿಂದ ದೇವರಿಗೆಂದು ಹೆಂಗಸರು ಬೇಡಲು ಬರುತ್ತಿದ್ದರು. ದೊಡ್ಡತ್ತೆ ಹೂವನ್ನು ಮೊರದಲ್ಲಿ ತಂದು ಹೊಸ್ತಿಲ ಒಳಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ಕೈ ಕೂಡ ಹೊಸ್ತಿಲ ಆಚೆ ಹೋಗಬಾರದು. ಬಂದ ಹೆಂಗಸರು ಹೂವು ತೆಗೆದುಕೊಂಡು, ಬಗ್ಗಿ ಈಕೆಯ ಕಾಲು ಮುಟ್ಟಿ, "ಮಾತ ಉಳಿಸಿದಾಕಿ" ಎಂದು ಕೈಮುಗಿದು ಹೋಗುತ್ತಿದ್ದರು. ಎಲ್ಲರೂ ಹೋದ ಮೇಲೆ ದೊಡ್ಡತ್ತೆ ಬಚ್ಚಲಿಗೆ ಹೋಗಿ, ಆ ಬರದಲ್ಲೂ ಒಂದು ತಂಬಿಗೆ ನೀರು ಹಾಕಿ ಕಾಲು ತೊಳೆದುಕೊಳ್ಳುವುದನ್ನು ನಾನು ನೋಡಿದೆ. "ನನ್ನ ನೋಡಾಕ ಬರೂದಿಲ್ಲ ಅವ್ರು, ಈ ಕಾಲ ನೋಡಾಕ ಬರ್ತಾರ" ಎಂದರು. ಅವರಿಗೆ ಹೊರಗೆ ಹೋಗಬೇಕು ಅನ್ನಿಸುತ್ತದೆಯೇ ಎಂದು ನಾನು ಆಗಲೂ ಕೇಳಲಿಲ್ಲ.

ಬರ ಕಳೆದ ಮರುವರ್ಷ, ದೀಪಾವಳಿಗೆ ಎಂಟು ದಿನ ಇದ್ದಾಗ, ತಾಳಿಕೋಟೆಯಿಂದ ನಮ್ಮಪ್ಪ ಬಂದ. ಕೈಯಲ್ಲಿ ನನ್ನ ನೌಕರಿಯ ಆರ್ಡರು. ಹಿಂದೆ ಹಾಕಿದ್ದ ಅರ್ಜಿಗೆ ಕೊನೆಗೂ ಪಾಳಿ ಬಂದಿತ್ತು. ಕನ್ನೊಳ್ಳಿಯ ಪ್ರಾಥಮಿಕ ಸಾಲೆ, ಸಿಂದಗಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಬರಬಹುದು. ಹಬ್ಬದ ರಜೆ ಮುಗಿದ ಸೋಮವಾರದೊಳಗೆ ಹಾಜರಾಗಬೇಕು, ಇಲ್ಲದಿದ್ದರೆ ಹೆಸರು ಹೋಗುತ್ತದೆ. ಅಂಜುಬುರುಕ ನಮ್ಮಪ್ಪ ಆ ಕಾಗದವನ್ನು ನನ್ನ ಕೈಗೆ ಕೊಡದೆ ಮಾವನ ಕೈಗೆ ಕೊಟ್ಟ. ಮಾವ ಓದಿ, ಮಡಚಿ, ಪಡಸಾಲೆಯ ಗೋಡೆಯ ಮಾಡದಲ್ಲಿ ವಿಭೂತಿ ಬಟ್ಟಲಿನ ಕೆಳಗೆ ಇಟ್ಟರು. "ನೋಡೂಣಂತ" ಎಂದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದರ್ಥ. ಎಂಟು ದಿನ ನಾನು ಕಸ ಹೊಡೆಯುವಾಗ ಆ ಮಾಡವನ್ನು ನೋಡುತ್ತಿದ್ದೆ. ಕೈಗೆ ಎಟುಕುವ ಕಾಗದ, ತೆಗೆದುಕೊಳ್ಳುವ ಧೈರ್ಯವಿಲ್ಲ. ನಮ್ಮವರನ್ನು ಕೇಳಿದರೆ, "ಹಬ್ಬ ಆಗ್ಲಿ, ಅಪ್ಪಗ ಹೇಳ್ತೇನಿ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಹಬ್ಬದ ಹಿಂದಿನ ಸಂಜೆ ದೊಡ್ಡತ್ತೆ ಮತ್ತು ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಬಾಚುತ್ತಿದ್ದೆವು. ಅಲ್ಲಿಂದ ಬಸ್ ಸ್ಟ್ಯಾಂಡಿನ ರಸ್ತೆ ಕಾಣುತ್ತದೆ, ಕಲಬುರ್ಗಿಯ ಬಸ್ಸು ಧೂಳೆಬ್ಬಿಸಿ ಹೋಯಿತು. ಕೊನೆಗೂ ಕೇಳಿದೆ: "ಅತ್ತಿ, ನಿಮಗ ಒಮ್ಮೆರ ಹೊರಗ ಹೋಗಬೇಕು ಅನಸಿಲ್ಲೇನ್ರಿ?"

ಅವರು ಕೈ ನಿಲ್ಲಿಸಲಿಲ್ಲ. "ದಿನಾ ಅನಸ್ತೈತಿ. ಮೊದಲ ಅಂಜಿಕಿ ಇತ್ತು. ಆಮ್ಯಾಲ ಮಂದಿ ಕಾಲಿಗಿ ಬೀಳಾಕ ಹತ್ತಿದ್ರು. ಅಂಜಿಕಿ ಹೋದ ಮ್ಯಾಲೂ ಆ ಕೈಮುಗಿತ ನನ್ನ ಬಿಡ್ಲಿಲ್ಲವಾ. ದೇವ್ರ ಮಾಡಿ ಕುಂಡ್ರಿಸಿದ್ರ ಎದ್ದು ಹೋಗೂದು ಹ್ಯಾಂಗ?" ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನಿನ್ನ ಮ್ಯಾಲ ಆಣಿ ಬೀಳಾಕ ಬಿಡಬ್ಯಾಡ. ಬಿದ್ದ ಮ್ಯಾಲ ಏನೂ ನಡ್ಯೂದಿಲ್ಲ. ಬೀಳೂಕಿಂತ ಮೊದಲ ಏನರ ಆಗಬೇಕು."

ಪಾಡ್ಯದ ಬೆಳಿಗ್ಗೆ ನಾನು ಮಾಡದಿಂದ ಕಾಗದ ತೆಗೆದುಕೊಂಡೆ. ಎಳೆದ ರಭಸಕ್ಕೆ ವಿಭೂತಿ ಬಟ್ಟಲು ನೆಲಕ್ಕೆ ಬಿತ್ತು. ಸಪ್ಪಳಕ್ಕೆ ಮಾವ ಹೊರಬಂದರು. ಬೂದಿ ಚೆಲ್ಲಿದ ನೆಲ, ನನ್ನ ಕೈಯ ಕಾಗದ, ಎರಡನ್ನೂ ನೋಡಿದರು. "ಸೋಮವಾರ ಹೋಗ್ತೇನ್ರಿ ಮಾವಾರ" ಎಂದೆ.

ಅವರ ಮುಖ ಕಪ್ಪಿಟ್ಟಿತು. "ನಮ್ಮ ಮನಿ ಸೊಸಿ ಬಸ್ ಸ್ಟ್ಯಾಂಡಿನ್ಯಾಗ ನಾಕ ಮಂದಿ ಮುಂದ ನಿಂದರೂದಿಲ್ಲ. ಏನ್ ಕಡಿಮಿ ಮಾಡೇವಿ ನಿನಗ?" ಎಂದು ಬಾಗಿಲ ಹತ್ತಿರ ಹೋಗಿ, ಅಣ್ಣ ನಿಂತಿದ್ದ ಜಾಗದಲ್ಲೇ ನಿಂತು, ಚೌಕಟ್ಟಿಗೆ ಕೈ ಅಡ್ಡ ಕೊಟ್ಟರು. "ನೋಡ ತಂಗಿ, ಈ ಹೊಸ್ತಿಲ ದಾಟಿದಿ ಅಂದ್ರ ನನ್ನ..."

"ತಮ್ಮಾ, ಆ ಮಾತ ಪೂರಾ ಮಾಡಬ್ಯಾಡ."

ದೊಡ್ಡತ್ತೆ ಹಿತ್ತಲಿನಿಂದ ಪಾಂಡವರ ತಟ್ಟೆ ಹಿಡಿದು ಬಂದಿದ್ದರು. ಮೊಣಕೈ ತನಕ ಸಗಣಿ, ತಟ್ಟೆಯ ತುಂಬ ಹಳದಿ ಹೂವು. ಪ್ರತಿವರ್ಷ ಒಳಗಿನ ಪಾಂಡವರನ್ನು ಅವರು ಇಡುತ್ತಿದ್ದರು, ಹೊರಗಿನವರನ್ನು ನಾನು ಇಡುತ್ತಿದ್ದೆ. ಅಂದು ಅವರು ಒಳಗಿನವರನ್ನು ಇಟ್ಟು ಮೇಲೆದ್ದು, ಮಾವನ ಕೈಯ ಎದುರು ಬಂದು ನಿಂತರು.

"ಕೈ ತೆಗಿ. ಹೊರಗಿನ ಪಾಂಡವರ್ನ ಇಡಬೇಕು."

"ಆಕಿ ಇಡ್ತಾಳ ಬಿಡ್ರಿ ವೈನಿ" ಎಂದರು ಮಾವ ಅತ್ತಿಗೆಗೆ.

"ಇಲ್ಲ. ನಾ ಇಡ್ತೇನಿ."

ಮಾವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವರ ದನಿ ಗೋಲಿ ಆಡುವ ಹುಡುಗನ ದನಿಯಾಯಿತು. "ವೈನಿ, ಅಣ್ಣನ ಆಣಿ ಐತ್ರಿ. ಮನಿತನಕ್ಕ ತಟ್ಟತೈತ್ರಿ."

"ತಟ್ಟೂದಿದ್ರ ನನಗ ತಟ್ಟಲಿ. ನಿಮ್ಮಣ್ಣ ಸಿಟ್ಟಿಗೆದ್ದ ಆಡಿದ ಒಂದ ಮಾತಿಗಿ ನನ್ನ ಹರೇದ ವಯಸ್ಸೆಲ್ಲ ಹೋತು. ನಿನ್ನ ಬಾಯಿಂದ ಅದೇ ಮಾತ ಬಂದು, ನಾಳೆ ನಿನಗ ಏನರ ಆತು ಅಂದ್ರ ಈ ಹುಡುಗಿನ ಬಿಡಸವ್ರು ಯಾರು? ಹೇಳು."

ಮಾವನ ಕೈ ತಾನೇ ಕೆಳಗಿಳಿಯಿತು. ದೊಡ್ಡತ್ತೆ ಹೊಸ್ತಿಲ ಮೇಲೆ ಕಾಲಿಡದೆ, ಹಬ್ಬದ ದಿನ ಅದನ್ನು ತುಳಿಯಬಾರದೆಂದು ಸೀರೆ ಎತ್ತಿ ಹಿಡಿದು ದಾಟಿದರು. ಹೊರಗೆ ಕುಳಿತು, ಬಲಕ್ಕೆ ಎಡಕ್ಕೆ ಪಾಂಡವರನ್ನಿಟ್ಟು, ಬಾಗಿದ ಒಂದು ಟೊಂಗೆಯನ್ನು ಸರಿಮಾಡಿ ನೆಟ್ಟಗೆ ಸಿಕ್ಕಿಸಿದರು. ಎದುರು ಮನೆಯ ಹೆಂಗಸು ಕೈಯಲ್ಲಿದ್ದ ರಂಗೋಲಿ ಬಟ್ಟಲು ಹಿಡಿದುಕೊಂಡೇ ನೋಡುತ್ತಿದ್ದಳು. ಆಕೆ ಮುಂದೆಂದೂ ಇವರ ಕಾಲು ಮುಟ್ಟಲಿಲ್ಲ.

ಸೋಮವಾರ ಅವರೇ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದರು. ಚಪ್ಪಲಿ ಇರಲಿಲ್ಲ, ಬೇಕಾಗಿಯೇ ಇರಲಿಲ್ಲವಲ್ಲ. ಅರ್ಧ ದಾರಿಗೇ ಅಂಗಾಲಿಗೆ ಕಲ್ಲು ಒತ್ತಿ ಮುಖ ಹಿಂಡುತ್ತಿದ್ದರು, ನಿಲ್ಲಲಿಲ್ಲ. ಯಾವ ಅಂಗಡಿ ಯಾವಾಗ ಬಂತು, ಆ ದೊಡ್ಡ ಬೇವಿನಮರ ಏನಾಯಿತು ಎಂದು ಕೇಳುತ್ತ ನಡೆದರು. ಕನ್ನೊಳ್ಳಿಯಿಂದ ಸಂಜೆ ಬಂದು ನೋಡಿದರೆ ಎರಡೂ ಪಾದಗಳಲ್ಲಿ ಬೊಬ್ಬೆ. ಅರಿಸಿನ ಹಚ್ಚಿಕೊಂಡು, ಗಿಡಗಳ ಮುಂದೆ ಕಾಲು ಚಾಚಿ ಕುಳಿತಿದ್ದರು. ಮಾವ ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಅಷ್ಟರಲ್ಲಿ ಹೊಲದ ಒಂದು ಎತ್ತು ಸತ್ತಾಗ ಮನೆಯವರೆಲ್ಲ ದೊಡ್ಡತ್ತೆಯ ಮುಖ ನೋಡಿದರು. ಅವರು ರೊಟ್ಟಿ ಮುರಿಯುತ್ತ ಹೇಳಿದರು: "ಎತ್ತಿಗೂ ವಯಸ್ಸಾಗಿತ್ತು, ಆಣಿಗೂ ವಯಸ್ಸಾಗಿತ್ತು."

ಬಿಡುಗಡೆ ಎಂದು ದೊಡ್ಡದಾಗಿ ಹೇಳಲಾರೆ. ಆಮೇಲೆ ಅವರು ಬದುಕಿದ್ದು ಐದೇ ವರ್ಷ. ಕೊನೆಯ ತನಕ ಹೊರಗೆ ಹೊರಟಾಗಲೆಲ್ಲ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು, ಯಾರಾದರೂ ಕರೆದಾರೇನೋ ಎಂಬಂತೆ. ತವರಿಗೆ ಹೋಗಲಿಲ್ಲ, ಗಾಡಿ ತಂದಿದ್ದ ತಮ್ಮ ಎಂದೋ ಊರು ಬಿಟ್ಟಿದ್ದ, ಅಲ್ಲಿ ಗುರುತಿನವರು ಯಾರೂ ಉಳಿದಿರಲಿಲ್ಲ. ಹೋಗುತ್ತಿದ್ದದ್ದು ಊರಾಚೆಯ ಮಡ್ಡಿಗೆ. ಚಪ್ಪಲಿ ತಂದುಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಆವರಿಕೆಯ ಒಣಕಾಯಿ ಉಡಿಯಲ್ಲಿ ತುಂಬಿಕೊಂಡು ಬಂದು, ಬೀಜ ಬಿಡಿಸಿ ಪೊಟ್ಟಣ ಕಟ್ಟಿ, ಕನ್ನೊಳ್ಳಿಯ ಸಾಲೆಯ ಬಯಲಿಗೆಂದು ನನ್ನ ಚೀಲಕ್ಕೆ ಹಾಕುತ್ತಿದ್ದರು. "ನೀರ ಹಾಕಬ್ಯಾಡ ಮತ್ತ" ಎಂದು ಪ್ರತಿಸಲವೂ ಹೇಳುತ್ತಿದ್ದರು.

ಅವರು ತೀರಿಕೊಂಡ ದಿನ ಹಿತ್ತಲಿನಲ್ಲಿ ಮಣೆ ಹಾಕಿ ಕೂಡಿಸಿ ಮೈ ತೊಳೆದೆವು. ಕಾಲು ತೊಳೆಯುವ ಪಾಳಿ ನನ್ನದು. ಹಿಮ್ಮಡಿಗಳು ನಮ್ಮೆಲ್ಲರ ಹಿಮ್ಮಡಿಯ ಹಾಗೆಯೇ ಒಡೆದಿದ್ದವು. ಆಳವಾದ ಬಿರುಕುಗಳು, ಅವುಗಳ ತುಂಬ ಮಡ್ಡಿಯ ಕೆಂಪು ಮಣ್ಣು. ಕಲ್ಲು ಹಚ್ಚಿ ತಿಕ್ಕು, ಹೋಗುತ್ತದೆ ಎಂದು ನಮ್ಮತ್ತೆ ಹೇಳಿದರು. ನಾನು ತಿಕ್ಕಲಿಲ್ಲ. ಆ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು, ಮದುವೆಯ ದಿನ ಮಾಡಿದಂತೆಯೇ ಕಣ್ಣಿಗೆ ಹಚ್ಚಿಕೊಂಡೆ. ಗರಸು ಒತ್ತಿತು.